ಒಂಬತ್ತರ ಮುಂದಿನ ಹತ್ತು

ಹೋದ ವಾರ ಸೊರಬದ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ತಲೆನೋವಿನ ಮಾತ್ರೆಗೆ ನಿಂತಿದ್ದೆ. ಫ್ರಿಜ್ಜಿನಿಂದ ತೆಗೆಯುವಾಗ ಅಂಗಡಿಯಾಕೆಯ ಕೈಜಾರಿ ಇನ್ಸುಲಿನ್ ಬಾಟಲಿಯೊಂದು ನೆಲಕ್ಕೆ ಬಿದ್ದು ಒಡೆಯಿತು. ಫಿನಾಯಿಲಿನಂಥ, ಗಾಯದ ಪಟ್ಟಿಯಂಥ ಆ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಯಾಕೆಯ ಗುರುತೂ ಸಿಕ್ಕಿತು. ಮೊದಲು ಶಿಕಾರಿಪುರದ ಕ್ಲಿನಿಕ್ಕಿನಲ್ಲಿದ್ದವರು. ಅಲ್ಲಿನ ನರ್ಸ್ ಸಿಸ್ಟರ್ ಹೇಗಿದ್ದಾರೆ ಎಂದು ಕೇಳಿದೆ.

“ನಿಮಗೆ ಗೊತ್ತಾಗ್ಲಿಲ್ವಾ? ಯುಗಾದಿಗೆ ಮುಂಚೆನೇ ತೀರ್ಹೋಗ್ಬಿಟ್ರು.”

ನನಗೆ ಏನೂ ಅನ್ನಿಸಲಿಲ್ಲ. ಮಾತ್ರೆ ತಗೊಂಡು ಮನೆಗೆ ಬಂದೆ. ಅಕ್ಕಿ ತೊಳೆದು ಕುಕ್ಕರ್ ಇಟ್ಟೆ.

ಆ ಕ್ಲಿನಿಕ್ಕಿಗೆ ನಾನು ಒಂದು ಆ್ಯಪ್ ಬರೆದುಕೊಟ್ಟಿದ್ದೆ. ಸಕ್ಕರೆ ಕಾಯಿಲೆಯವರಿಗೆ ಹೊತ್ತು ಹೊತ್ತಿಗೆ ಎಷ್ಟು ಯೂನಿಟ್ ಇನ್ಸುಲಿನ್ ಎಂದು ಅವರ ಫೋನೇ ಬಾಯಿಬಿಟ್ಟು ಹೇಳುವಂಥದ್ದು. ಓದಲು ಬಾರದವರೇ ಹೆಚ್ಚು ಬರುತ್ತಿದ್ದರಿಂದ ಡಾಕ್ಟರು ಹಾಗೆ ಕೇಳಿದ್ದರು. ದನಿ ಕೊಟ್ಟಿದ್ದು ಸಿಸ್ಟರ್. ಡ್ರೆಸ್ಸಿಂಗ್ ರೂಮಿನ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಸೆಕೆಯಲ್ಲಿ ಕೂತು ಒಂದರಿಂದ ಅರವತ್ತರವರೆಗೆ ಅಂಕಿ ಹೇಳಿದ್ದರು. ಮಧ್ಯೆ ನಗು ಬಂದು ಮೂವತ್ತೇಳನ್ನು ಮೂರು ಸಲ ಹೇಳಬೇಕಾಯಿತು. ಐವತ್ತು ದಾಟಿದ ಹೆಂಗಸು, ಒಬ್ಬರೇ ಇದ್ದರು. ನನ್ನನ್ನು ತಂಗಿ ಎನ್ನುತ್ತಿದ್ದರು.

ಆ್ಯಪಿನಲ್ಲಿ ಏನಾದರೂ ತಿದ್ದಿದಾಗೆಲ್ಲ ಅದಕ್ಕೊಂದು ಹೊಸ ನಂಬರು ಕೊಡುತ್ತಿದ್ದೆ. 1.7, 1.8, 1.9… ಹೊಸ ನಂಬರು ತನ್ನದಕ್ಕಿಂತ ದೊಡ್ಡದಾಗಿದ್ದರೆ ಫೋನು ಅದನ್ನು ಇಳಿಸಿಕೊಳ್ಳುತ್ತಿತ್ತು, ಇಲ್ಲದಿದ್ದರೆ ಬಿಡುತ್ತಿತ್ತು. 1.9ರಲ್ಲಿ ಒಂದು ತಪ್ಪು ಉಳಿದುಕೊಂಡಿತ್ತು. ಡಾಕ್ಟರು ಯೂನಿಟ್ ಹೆಚ್ಚಿಸಿದರೆ ಸರಿಯಾಗಿ ಹೇಳುತ್ತಿತ್ತು, ಕಡಿಮೆ ಮಾಡಿದರೆ ಹಳೆಯ ಲೆಕ್ಕವನ್ನೇ ಹೇಳುತ್ತಿತ್ತು. ಮೂರೇ ದಿನಕ್ಕೆ ಗೊತ್ತಾಯಿತು. ಸರಿಮಾಡಿ 1.10 ಎಂದು ಹೆಸರಿಟ್ಟು ಕಳಿಸಿ, ಕೆಲಸ ಮುಗಿಯಿತೆಂದು ನಿರಾಳವಾದೆ.

ಮರುದಿನ ಸಿಸ್ಟರ್ ಫೋನ್ ಮಾಡಿದರು. “ತಂಗಿ, ತೊಗರ್ಸಿಯವರೊಬ್ಬರು ಬಂದಾರ. ಅವರ ಫೋನಿನ್ಯಾಗ ಇನ್ನೂ ಒಂದು ಪಾಯಿಂಟ್ ಒಂಬತ್ತೇ ಐತಿ. ಒಂಬತ್ತರ ಮುಂದ ಹತ್ತಲ್ಲೇನು?”

“ಹಳ್ಳಿ ಕಡೆ ನೆಟ್‌ವರ್ಕ್ ಇರಲ್ಲ ಸಿಸ್ಟರ್. ನಿಧಾನಕ್ಕೆ ಬರ್ತದೆ,” ಎಂದೆ.

“ಇಲ್ಲೇ ಕ್ಲಿನಿಕ್ಕಿನ್ಯಾಗ ಕುಂತಾರ, ನೆಟ್‌ವರ್ಕ್ ಐತಿ. ಒಂದ್ಸಲ ನೋಡು.”

ನೋಡ್ತೀನಿ ಎಂದೆ. ನೋಡಲಿಲ್ಲ. ಇಂಜೆಕ್ಷನ್ ಕೊಡುವವರಿಗೆ ಇದೆಲ್ಲ ಏನು ಗೊತ್ತು ಎಂಬ ಸಸಾರ ಇತ್ತು ನನಗೆ. ಇದನ್ನು ನಾನು ಯಾರಿಗೂ ಹೇಳಿಲ್ಲ.

ಅದಾದ ಎರಡನೆಯ ದಿನ ಕುಬಟೂರಿನ ರೈತರೊಬ್ಬರು ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ನಾಲ್ಕು ದಿನದ ಹಿಂದಷ್ಟೇ ಡಾಕ್ಟರು ಅವರ ಸಂಜೆಯ ಇಪ್ಪತ್ತು ಯೂನಿಟ್ಟನ್ನು ಹನ್ನೆರಡಕ್ಕೆ ಇಳಿಸಿದ್ದರು. ಫೋನು ಇಪ್ಪತ್ತೇ ಹೇಳುತ್ತಿತ್ತು. ಅವರು ಇಪ್ಪತ್ತೇ ಚುಚ್ಚಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಮೈಯಲ್ಲಿನ ಸಕ್ಕರೆ ಪೂರ್ತಿ ಇಳಿದುಹೋಗಿತ್ತು. ಜೀವ ಉಳಿಯಿತು. ಮಾತು ಮಾತ್ರ ತೊದಲಿತು, ನೆನಪು ಹಿಂದುಮುಂದಾಯಿತು, ಗದ್ದೆಗೆ ಹೋಗುವುದು ನಿಂತಿತು.

ಆಮೇಲೆ ಕೋಡ್ ತೆರೆದು ನೋಡಿದೆ. ಒಂದೇ ಸಾಲು. ಎರಡು ನಂಬರುಗಳನ್ನು ಅಂಕಿಯೆಂದು ಹೋಲಿಸದೆ ಒಂದೊಂದೇ ಅಕ್ಷರವಾಗಿ ಹೋಲಿಸಿದ್ದೆ. ಚುಕ್ಕೆಯವರೆಗೆ ಎರಡೂ ಒಂದೇ. ಚುಕ್ಕೆಯ ಮುಂದೆ ಒಂದು ಕಡೆ 9, ಇನ್ನೊಂದು ಕಡೆ ಹತ್ತರ ಮೊದಲ ಅಂಕಿ 1. ಒಂಬತ್ತು ಒಂದಕ್ಕಿಂತ ದೊಡ್ಡದು, ಹಾಗಾಗಿ 1.9 ಹೊಸದು, 1.10 ಹಳೆಯದು ಎಂದು ಪ್ರತಿಯೊಂದು ಫೋನೂ ತೀರ್ಮಾನಿಸಿ ಸುಮ್ಮನಿತ್ತು. ಚುಕ್ಕೆಯಲ್ಲಿ ಒಡೆದು, ತುಂಡು ತುಂಡನ್ನೂ ಸಂಖ್ಯೆ ಮಾಡಿ ಹೋಲಿಸಬೇಕಿತ್ತು. ಹತ್ತು ನಿಮಿಷದ ಕೆಲಸ. ತಿದ್ದಿ, 2.0 ಎಂದು ಹೆಸರು ಕೊಟ್ಟು ಕಳಿಸಿದೆ. ಎರಡು ಒಂದಕ್ಕಿಂತ ದೊಡ್ಡದು ಎಂಬುದು ಆ ಹಳೆಯ ಸಾಲಿಗೂ ಗೊತ್ತಿತ್ತು.

ಅದು ಫೋನುಗಳಿಗೆ ಇಳಿಯುವವರೆಗೆ ಸಿಸ್ಟರ್ ಕಾಯಲಿಲ್ಲ. ಡಾಕ್ಟರಿಗೆ ಹೇಳಿ ಎಲ್ಲರಿಗೂ ಫೋನ್ ಮಾಡಿದರು. ಆಮೇಲೆ ಪಟ್ಟಿ ಹಿಡಿದು ಬಸ್ ಹತ್ತಿದರು. ತಾಳಗುಂದಕ್ಕೆ ನಾನೂ ಜೊತೆಗೆ ಹೋಗಿದ್ದೆ. ಜೋಳದ ರಾಶಿಗಳ ನಡುವೆ ನಡೆದು ಮನೆ ಮನೆಗೂ ಹೋಗಿ, ಒಬ್ಬೊಬ್ಬರ ಫೋನು ತೆಗೆದು ನೋಡಿ, ಚೀಟಿಯಲ್ಲಿ ದಪ್ಪಕ್ಷರದಲ್ಲಿ ಯೂನಿಟ್ ಬರೆದು ಗೋಡೆಗೆ ಅಂಟಿಸಿದರು. ಓದು ಬಾರದವರಿಗೆ ಪಕ್ಕದ ಮನೆಯವರನ್ನು ಕರೆಸಿ ತೋರಿಸಿದರು. ದಾರಿಯಲ್ಲಿ ನಾನು, “ತಪ್ಪು ನಂದು ಸಿಸ್ಟರ್, ನೀವ್ಯಾಕೆ ಓಡಾಡ್ತೀರಿ?” ಎಂದೆ.

“ಇಪ್ಪತ್ತು ಅಂತ ಹೇಳಿದ್ದು ನನ್ನ ದನಿ ತಂಗಿ,” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು…

ಕುಬಟೂರಿಗೆ ಹೋಗುವ ದಿನ ಜ್ವರವೆಂದು ಸುಳ್ಳು ಹೇಳಿದೆ. ಅವರೊಬ್ಬರೇ ಹೋಗಿ, ತಪ್ಪು ನಮ್ಮದು ಎಂದು ಆ ಮನೆಯವರ ಮುಂದೆ ಹೇಳಿ ಬಂದರು. ಆ ಮನೆಯವರು ಜಗಳಕ್ಕೆ ಬರಲಿಲ್ಲ. ಡಾಕ್ಟರು ಆ್ಯಪನ್ನೇ ನಿಲ್ಲಿಸಿದರು. ನಾನು ಶಿಕಾರಿಪುರದ ರೂಮು ಖಾಲಿಮಾಡಿ ಸೊರಬಕ್ಕೆ ವಾಪಸ್ ಬಂದೆ. ಸಿಸ್ಟರ್ ಎರಡು ಸಲ ಫೋನ್ ಮಾಡಿದ್ದರು. ನಾನು ಎತ್ತಲಿಲ್ಲ. ಮೂರನೆಯ ಸಲ ಅವರು ಮಾಡಲಿಲ್ಲ.

ಹೀಗೆ ವರ್ಷಗಳು ಹೋದವು.

ಮೆಡಿಕಲ್ ಶಾಪಿನಲ್ಲಿ ಸುದ್ದಿ ಕೇಳಿದ ಮೂರನೆಯ ದಿನ ಆನವಟ್ಟಿ ಬಸ್ ಹತ್ತಿ ಕುಬಟೂರಿಗೆ ಹೋದೆ. ಯಾಕೆ ಹೊರಟೆನೋ ಆಗಲೂ ಸ್ಪಷ್ಟವಿರಲಿಲ್ಲ. ದೇವಸ್ಥಾನದ ಹತ್ತಿರ ಕೇಳಿದೆ, ಮನೆ ತೋರಿಸಿದರು. ಆ ರೈತರು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹೆಂಡತಿ ಒಳಗೆ ಕರೆದು ನೀರು ಕೊಟ್ಟರು. ಆ ಫೋನಿನ ತಪ್ಪು ಮಾಡಿದವಳು ನಾನೇ ಎಂದೆ. ದನಿ ನಡುಗಲೂ ಇಲ್ಲ, ಬೇರೆ ಯಾರದೋ ವಿಷಯ ಹೇಳಿದಂತಿತ್ತು.

ಆ ತಾಯಿ ನನ್ನ ಕೈಯಿಂದ ಲೋಟ ತೆಗೆದುಕೊಂಡರು. “ಆಗಿದ್ದು ಆಗೋತವ್ವ. ಸಿಸ್ಟರ್ ತಿಂಗಳಿಗೊಂದ್ಸಲ ತಪ್ಪದೆ ಬಂದು ರಕ್ತ ನೋಡಿ ಹೋಗ್ತಿದ್ರು. ಈಗ ಮೂರು ತಿಂಗಳಾತು, ಬಂದಿಲ್ಲ. ಹುಷಾರದಾರಾ?”

ಅವರಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತರು. ಆಮೇಲೆ, “ಹೊರಗೆ ಕುಂತವ್ರಿಗೆ ಹೆಂಗೆ ಹೇಳ್ಳಿ? ದಿನಾ ದಾರಿ ನೋಡ್ತಾರೆ,” ಎಂದರು.

ನಾನು ಜಗಲಿಗೆ ಬಂದು ಅವರ ಗಂಡನ ಪಕ್ಕ ಕೂತೆ. ಅವರು ನನ್ನ ಮುಖ ನೋಡಿದರು. ಹೆಗಲ ಚೀಲ ನೋಡಿದರು. ಆಮೇಲೆ ಎಡಗೈ ಬಿಚ್ಚಿ, ಚುಚ್ಚಿಸಿಕೊಳ್ಳಲೆಂದು, ಉಂಗುರದ ಬೆರಳನ್ನು ನನ್ನ ಮುಂದೆ ಹಿಡಿದರು. ತುದಿಯ ಚರ್ಮ ದಪ್ಪಗಟ್ಟಿತ್ತು.

ನನ್ನ ಹತ್ತಿರ ಸೂಜಿ ಇರಲಿಲ್ಲ. ಆ ಬೆರಳನ್ನು ಹಿಡಿದುಕೊಂಡು, “ಸಿಸ್ಟರ್ ಇನ್ನು ಬರಲ್ಲ,” ಎಂದು ಅವರಿಗೂ ನಾನೇ ಹೇಳಿದೆ.