ಮರಳುಗುಡ್ಡೆಯ ಮೇಷ್ಟ್ರು

ಮೊನ್ನೆ ಜಕ್ಕೂರಿನಲ್ಲಿ ಹೊಸ ಅಪಾರ್ಟ್‌ಮೆಂಟಿನ ಮುಂದೆ ಹೋಗುವಾಗ ಒದ್ದೆ ಮರಳಿನ ವಾಸನೆ ಮೂಗಿಗೆ ಬಡಿಯಿತು. ಸ್ಕೂಟರ್ ನಿಲ್ಲಿಸಿದೆ. ಮೇಷ್ಟ್ರು ನೆನಪಾದರು…

ಸೈನ್ಯದಿಂದ ನಿವೃತ್ತರಾಗಿ ಕೋಗಿಲಿನಲ್ಲಿ ಮನೆ ಮಾಡಿದ್ದರು. ಹಿಮಾಲಯಕ್ಕೆ ಚಾರಣ ಹೊರಟವರಿಗೆ, ಹಿಮ ಕುಸಿದರೆ ಬದುಕುವುದು, ಬದುಕಿಸುವುದು ಹೇಗೆಂದು ಭಾನುವಾರ ಕಲಿಸುತ್ತಿದ್ದರು. ಫ್ರಿಜ್ಜಿನ ಐಸು ಬಿಟ್ಟರೆ ಬೇರೆ ಹಿಮ ಕಾಣದ ಜನ ನಾವು. ಪಕ್ಕದ ಸೈಟಿನ ಮರಳುಗುಡ್ಡೆಯೇ ನಮ್ಮ ಹಿಮಾಲಯ.

ಅವರ ಹತ್ತಿರ ಅಂಗೈಯಗಲದ ಎರಡು ಯಂತ್ರಗಳಿದ್ದವು. ಸಂಕೇತ ಕಳಿಸುವ ಒಂದನ್ನು ಮರಳಿನಲ್ಲಿ ಹೂತಿಡುವರು. ಇನ್ನೊಂದರ ಬೀಪ್ ಸದ್ದು ಕೇಳುತ್ತ ನಾವು ಅದನ್ನು ಹುಡುಕಬೇಕು.

"ಹದಿನೈದು ನಿಮಿಷ ಕಣ್ರೀ. ಆಮೇಲೆ ನೀವು ಹುಡುಕೋದು ಹೆಣಾನ."

ಒಬ್ಬರು ಹೂತುಹೋದ ತಕ್ಷಣ ಉಳಿದವರೆಲ್ಲ ತಮ್ಮ ಯಂತ್ರದ ಸಂಕೇತ ನಿಲ್ಲಿಸಬೇಕು, ಇಲ್ಲದಿದ್ದರೆ ಹುಡುಕುವವನು ದಾರಿ ತಪ್ಪುತ್ತಾನೆ ಎಂದೂ ಹೇಳಿದ್ದರು. ನಾನು ಗೋಣು ಆಡಿಸಿದ್ದೆ. ಆದರೆ ಇದ್ದದ್ದು ಎರಡೇ ಯಂತ್ರ. ನಿಲ್ಲಿಸಿ ರೂಢಿ ಮಾಡಿಕೊಳ್ಳಲು ನಮ್ಮ ಮೈಮೇಲೆ ಯಂತ್ರವೇ ಇರಲಿಲ್ಲ.

ಆ ಚಳಿಗಾಲ ಮೇಷ್ಟ್ರೇ ನಮ್ಮ ನಾಲ್ವರನ್ನು ನಿಜವಾದ ಹಿಮಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ಬಾಡಿಗೆಗೆ ತಂದ ಯಂತ್ರ ಎಲ್ಲರ ಎದೆಗೂ ಕಟ್ಟಿತ್ತು, ಎಲ್ಲವೂ ಸಂಕೇತ ಕಳಿಸುತ್ತಿದ್ದವು. ಇಳಿಜಾರನ್ನು ಮೊದಲು ತಾವೇ ದಾಟಲು ಹೊರಟರು. ಮೇಲಿಂದ ಹಿಮ ಜಾರಿತು… ಅವರಿದ್ದ ಜಾಗ ಬರೀ ಬೆಳ್ಳಗೆ.

ಗೆಳೆಯನೊಬ್ಬ ಹುಡುಕತೊಡಗಿದ. ನಾನು ಮೇಷ್ಟ್ರೇ, ಮೇಷ್ಟ್ರೇ ಎಂದು ಕೂಗುತ್ತ ಸುತ್ತ ಓಡಾಡುತ್ತಿದ್ದೆ. ಅವನ ಯಂತ್ರ ಅವನನ್ನು ಮತ್ತೆ ಮತ್ತೆ ನನ್ನ ಕಡೆಗೇ ಎಳೆದು ತರುತ್ತಿತ್ತು.

"ಆಫ್ ಮಾಡೋ! ನಿಂದೇ ಕಣೋ ಬಡ್ಕೊತಿರೋದು!"

ಮಾಡಿದೆ. ಅಷ್ಟರಲ್ಲಿ ಎಷ್ಟು ನಿಮಿಷ ಹೋಗಿತ್ತೋ… ಅಗೆದು ತೆಗೆದಾಗ ಉಸಿರಿರಲಿಲ್ಲ.

ಬೇಗ ಸಿಕ್ಕರು, ಆದರೂ ಉಳಿಯಲಿಲ್ಲ ಎಂದು ಅವರ ಹೆಂಡತಿಗೆ ಸುಳ್ಳು ಹೇಳಿದೆ. ಗೆಳೆಯರೂ ಬಾಯಿ ಬಿಡಲಿಲ್ಲ. ಮರಳಿನಲ್ಲಿ ಹಿಮದ ಪಾಠ ಮಾಡಿದರೆ ಇನ್ನೇನಾಗುತ್ತದೆ ಎಂದು ಜನ ಆಡಿಕೊಂಡರು. ಆಡುವವರ ಬಾಯಿಗೆ ಬೀಗ ಉಂಟೇ? ನನಗೆ ನಾಚಿಕೆಯಾಗುತ್ತಿತ್ತು, ಆದರೂ ಸುಮ್ಮನಿದ್ದೆ.

ಮೊನ್ನೆ ಆ ಮರಳಿನ ಮುಂದಿನಿಂದ ಸೀದಾ ಕೋಗಿಲಿಗೆ ಹೋದೆ. ಮೇಷ್ಟ್ರ ಮನೆಯ ಅಮ್ಮನೆದುರು ಕೂತು ಎಲ್ಲ ಹೇಳಿಬಿಟ್ಟೆ.

"ಆಫ್ ಮಾಡ್ಬೇಕು ಅಂತ ಅವರು ನಿಮಗೆ ಹೇಳ್ಕೊಟ್ಟಿರ್ಲಿಲ್ವಾ?"

"ಹೇಳ್ಕೊಟ್ಟಿದ್ರು ಅಮ್ಮ. ನಾನೇ ಮರೆತೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಜನ ಹೇಳಿದ್ದೇ ನಿಜ ಅನ್ಕೊಂಡು, ಇಷ್ಟು ವರ್ಷ ನಾನೂ ಅವರನ್ನೇ ಬೈಕೊಂಡಿದ್ದೆ ಕಣಪ್ಪ."

ಮೇಷ್ಟ್ರ ಹತ್ತಿರ ಕ್ಷಮೆ ಕೇಳಲು ಈಗ ನಮ್ಮಿಬ್ಬರಿಗೂ ದಾರಿಯಿಲ್ಲ.