ವೀಸಾ ಮೆಡಿಕಲ್‌ನ ಸೂಜಿ

ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ಬಿಸಿ ಸೈಲೆನ್ಸರ್ ತಾಗಿ ಕೈ ಸುಟ್ಟುಕೊಂಡು ಬಂದರೂ ಪಪ್ಪ ಅದನ್ನು ನಲ್ಲಿಯ ಕೆಳಗೆ ಹಿಡಿದು ಸುಮ್ಮನೆ ಊಟಕ್ಕೆ ಕೂರುತ್ತಿದ್ದರು. ಅಂಥವರು ವೀಸಾ ನವೀಕರಣದ ಮೆಡಿಕಲ್ ತಪಾಸಣೆಗೆ ಹೋಗಿ, ಎಕ್ಸ್‌ರೇ ತೆಗೆಸಿ, ರಕ್ತ ಕೊಟ್ಟು ಬಂದ ಮೇಲೆ ಬಲತೋಳು ಎತ್ತಲೇ ಇಲ್ಲ. ಅಲ್ ಬರ್ಷಾದ ನಮ್ಮ ಫ್ಲ್ಯಾಟಿನಲ್ಲಿ ನೀರಿನ ದೊಡ್ಡ ಕ್ಯಾನನ್ನು ನಾನೇ ಎತ್ತಿಡಬೇಕಾಯಿತು.

ನಾನಾಗ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಸೂಜಿ ಒಂದೇ, ಕಲೆ ಬಟಾಣಿಯಷ್ಟು. ಅದಕ್ಕೆ ಇಷ್ಟು ನೋವು ಸಾಧ್ಯವಿಲ್ಲ, ಆದ್ದರಿಂದ ಇದು ನಾಟಕ ಎಂದು ಮಂಡಿಸಿದೆ.

"ನೋಯ್ಲಿಕ್ಕೂ ನಿನ್ನ ಪರ್ಮಿಷನ್ ಬೇಕಾ ಮಾರಾಯ್ತಿ?" ಎಂದರು ಪಪ್ಪ.

ಶುಕ್ರವಾರ ಅಬುಧಾಬಿಯ ಅಲ್ ರೀಮ್‌ನಿಂದ ಅತ್ತೆ ಬಂದರು. ಅವರು ಆಸ್ಪತ್ರೆಯಲ್ಲಿ ದೀರ್ಘಕಾಲದ ನೋವಿನ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಅಡುಗೆಮನೆಯಲ್ಲಿ ನನ್ನ ವಾದವನ್ನು ಪೂರ್ತಿ ಕೇಳಿಸಿಕೊಂಡು, ನನಗೆ ಗೊತ್ತೇ ಇರದ ಸಂಗತಿಯೊಂದನ್ನು ಹೇಳಿದರು. ಮದುವೆಗೆ ಮುಂಚೆ ಪಪ್ಪನಿಗೆ ಕ್ಷಯ ಬಂದು ವಾಸಿಯಾಗಿತ್ತು. ಇಷ್ಟು ವರ್ಷ ಮೆಡಿಕಲ್‌ನಲ್ಲಿ ತೊಂದರೆಯಾಗಿರಲಿಲ್ಲ. ಆದರೆ ಈ ಸಲ ಅವರ ಗ್ಯಾರೇಜಿನವರೇ ಒಬ್ಬರು, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಹಳೆಯ ಕಲೆ ಕಂಡು ವೀಸಾ ಸಿಗದೆ ಊರಿಗೆ ಮರಳಬೇಕಾಗಿ ಬಂದಿತ್ತು. ಪಪ್ಪನ ವೀಸಾ ಹೋದರೆ ಅಮ್ಮನದೂ ನನ್ನದೂ ಹೋದಂತೆ.

ಹೆದರಿದ್ದು ಎಕ್ಸ್‌ರೇಗೆ ಅಂದಮೇಲೆ ತೋಳು ಯಾಕೆ ನೋಯಬೇಕು? ನಾನು ಬಿಡಲಿಲ್ಲ.

"ಚುಚ್ಚಿದ್ದು ಹೌದು ಅಂತ ತೋಳು ಹೇಳ್ತದೆ. ಎಷ್ಟು ನೋಯ್ಬೇಕು ಅಂತ ತೀರ್ಮಾನ ಆಗುದು ಮಿದುಳಲ್ಲಿ. ಅಲ್ಲಿ ಹೆದರಿಕೆಗೂ ಒಂದು ಓಟು ಉಂಟು," ಎಂದರು ಅತ್ತೆ.

ಭಯವನ್ನು ನೋಡಿಕೊಳ್ಳುವ ನರಜಾಲಕ್ಕೂ ನೋವಿನ ದಾರಿಗೂ ಸಂಪರ್ಕವಿದೆಯಂತೆ. ತೋಳಿನಿಂದ ಬಂದ ಸುದ್ದಿಯನ್ನು ಅದು ಹಿಗ್ಗಿಸಲೂಬಹುದು, ಕುಗ್ಗಿಸಲೂಬಹುದು. ಹಾಗಾದರೆ ಭ್ರಮೆಯೇ ಆಯಿತಲ್ಲ ಎಂದೆ.

"ಸ್ಟೇಜ್ ಹತ್ತುವ ಮೊದಲು ನಿಂಗೆ ಹೊಟ್ಟೆ ನೋಯ್ತದಲ್ಲ, ಅದು ಭ್ರಮೆಯಾ?"

ವಾದ ಬಿಟ್ಟು ಪಪ್ಪನನ್ನು ಗಮನಿಸತೊಡಗಿದೆ. ಟಿವಿ ನೋಡುವಾಗ ತೋಳು ಸುಮ್ಮನಿರುತ್ತಿತ್ತು. ಫೋನ್ ಹೊಡೆದುಕೊಂಡರೆ ಸಾಕು, ಎಡಗೈ ಬಲತೋಳನ್ನು ಹುಡುಕಿಕೊಂಡು ಹೋಗುತ್ತಿತ್ತು. ಅಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಭಾನುವಾರ ಕಂಪನಿಯಲ್ಲಿ ವೀಸಾ ಕಾಗದಗಳನ್ನು ನೋಡಿಕೊಳ್ಳುವವನು ಫೋನ್ ಮಾಡಿದ: ಮೆಡಿಕಲ್‌ನ ಫಲಿತಾಂಶ ಬಂತು, ಫಿಟ್. ಪಪ್ಪ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಆಮೇಲೆ ಎದ್ದು ಹೋಗಿ, ಖಾಲಿ ಕ್ಯಾನ್ ತೆಗೆದು ತುಂಬಿದ್ದನ್ನು ಎತ್ತಿಟ್ಟರು.

"ಪಪ್ಪ, ಕೈ?"

"ಯಾವ ಕೈ?"

ನೀಲಿ ಕಲೆ ಇನ್ನೂ ಬಟಾಣಿಯಷ್ಟೇ ಇತ್ತು. ಕಲೆ ಉಂಟು, ನೋವಿಲ್ಲ ಎಂದು ಅತ್ತೆಗೆ ಮೆಸೇಜ್ ಹಾಕಿದೆ. ಒಂದೇ ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ ಎಂದೂ ಸೇರಿಸಿದೆ.

ಎರಡನೆಯ ಉದಾಹರಣೆಗೆ ಈ ವೀಸಾ ಮುಗಿಯುವ ತನಕ ಕಾದಿರು ಎಂದು ಉತ್ತರ ಬಂತು.