ನೀಲಿ ಹೂವಿನ ಕಪ್ಪುಬಸಿ, ಬಾರದ ಜವಾಬು

ಮಿಲಿಂದ, ಸುಜಾತಾ, ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಉಪ್ಪಿನಕಾಯಿ ಭರಣಿಗಳ ಹಿಂದೆ ಇದ್ದ ರಟ್ಟಿನ ಪೆಟ್ಟಿಗೆ ನಿಮಗೆ ನೆನಪಿರಬಹುದು. "ಆಯಿ, ಅದರಾಗ ಏನದ?" ಎಂದು ನೀವು ಕೇಳಿದಾಗಲೆಲ್ಲ "ಒಡಿಯೂ ಸಾಮಾನು, ಮುಟ್ಟಬ್ಯಾಡ್ರಿ" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ. ಅದರೊಳಗೆ ಹುಲ್ಲು ಹಾಸಿ ಮಲಗಿಸಿದ್ದ ಆರು ಪಿಂಗಾಣಿ ಕಪ್ಪುಬಸಿಗಳಿದ್ದವು, ಅಂಚಿಗೆಲ್ಲ ನೀಲಿ ಹೂವಿನ ಬಳ್ಳಿ. ನನ್ನ ಮಗಳು, ನಿಮ್ಮ ಅವ್ವ ಶೋಭಾಳನ್ನು ನೋಡಲು ಮೊದಲ ವರನ ಕಡೆಯವರು ಬರುತ್ತಾರೆ ಎಂದಾಗ ನಿಮ್ಮ ಅಜ್ಜ ಹುಮನಾಬಾದಿನ ಪೇಟೆಯಿಂದ ಅವುಗಳನ್ನು ತಂದಿದ್ದರು. ಮನೆಯವರು ನಾವು ಅವುಗಳಲ್ಲಿ ಒಮ್ಮೆಯೂ ಚಹಾ ಕುಡಿಯಲಿಲ್ಲ. ನಮ್ಮನ್ನು ತೂಗಿ ನೋಡಲು ಬರುವವರಿಗೆಂದೇ ಅವು ಇದ್ದವು. ನಿಮ್ಮ ಅಜ್ಜ ಹೋದ ಮೇಲೆ ಬಸವಕಲ್ಯಾಣದ ಮನೆಯನ್ನು ಬಾಡಿಗೆಗೆ ಕೊಟ್ಟು ನಿಮ್ಮ ಮನೆಗೆ, ಈ ಹುಮನಾಬಾದಿಗೆ ಬರುವಾಗ, ಆ ಪೆಟ್ಟಿಗೆಯನ್ನು ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದೆ.

ನಾನು ಕೊಹಿನೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ನಾಲ್ಕು ಜನ ಕೂತಲ್ಲಿ ನನಗೆ ಮಾತು ಹೊರಡುವುದಿಲ್ಲ. ಪೆನ್ನು ಹಿಡಿದರೆ ಮಾತ್ರ ಸ್ವಲ್ಪ ಧೈರ್ಯ. ಅದಕ್ಕೇ ನಿಮ್ಮ ಅವ್ವನ ಈ ಎರಡು ವರ್ಷದ ಓಡಾಟವನ್ನು ನಿಮಗೆ ಬಾಯಲ್ಲಿ ಹೇಳದೆ ಬರೆಯುತ್ತಿದ್ದೇನೆ. ಅವಳಂತೂ ಹೇಳುವವಳಲ್ಲ.

ಮೊದಲು ಆ ಕಪ್ಪುಬಸಿಗಳ ಮಾತು ಮುಗಿಸುತ್ತೇನೆ. ಚಿಟಗುಪ್ಪದಿಂದ ಬಂದ ಆ ಜನ ಚುರುಮುರಿಯ ಸುಸಲಾ ತಿಂದರು, ನೀಲಿ ಹೂವಿನ ಕಪ್ಪಿನಲ್ಲಿ ಚಹಾ ಕುಡಿದರು, ಶೋಭಾಳಿಗೆ ಓದಿನ ಬಗ್ಗೆ ಎರಡು ಮಾತು ಕೇಳಿದರು. ಹೊರಡುವಾಗ ನಿಮ್ಮ ಅಜ್ಜ ಬಾಗಿಲಲ್ಲಿ ನಿಂತು, "ಹುಡುಗಿದು ಪರೀಕ್ಷಾ ಅವ. ಅವು ಮುಗಿದ ಮ್ಯಾಲ ಮಾತಾಡೂಣು" ಎಂದರು. ಪರೀಕ್ಷೆ ಮುಗಿಯಿತು, ಬೇಸಿಗೆಯೂ ಕಳೆಯಿತು, ಆ ಕಡೆಯಿಂದ ಜವಾಬು ಬರಲಿಲ್ಲ. ಬಾರದ ಜವಾಬನ್ನು 'ಬೇಡ' ಎಂದು ತಿಳಿದುಕೊಳ್ಳುವುದು ಹೆಣ್ಣಿನ ಮನೆಯವರ ರೂಢಿ. ಯಾಕೆ ಬೇಡ ಎಂದು ಕೇಳುವ ರೂಢಿ ಇಲ್ಲ. ಪಕ್ಕದ ಮನೆಯ ಮಹಬೂಬಿ ಆಪಾ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮುಂದಿನ ವಾರ ಚಿಟಗುಪ್ಪಿಗಿ ತಂಗಿ ಮನಿಗಿ ಹೊಂಟೀನಿ. ಅವರ ಬಾಗಿಲಾಗ ನಿಂತು ಕೇಳೇ ಬರ್ತೀನಿ, ನಮ್ಮ ಹುಡುಗಿಗಿ ಏನ್ ಕಮ್ಮಿ ಅದ ಅಂತ."

"ಬ್ಯಾಡ ಆಪಾ."

"ನಿನ್ನ ಬಾಯಾಗ ಬ್ಯಾಡ ಬಿಟ್ಟು ದುಸ್ರಾ ಮಾತೇ ಇಲ್ಲ ನೋಡು ಭಾಬಿ!"

ಇರಲಿಲ್ಲ, ನಿಜ. ಕೇಳದೆ ಉಳಿದ ಆ ಪ್ರಶ್ನೆಗೆ ಉತ್ತರಗಳನ್ನು ನಾನೇ ಹುಟ್ಟಿಸಿಕೊಳ್ಳುತ್ತ ಹೋದೆ. ಹುಡುಗಿಯ ಬಣ್ಣ ಕಾರಣವಿರಬೇಕು, ಅಲ್ಲ, ಓದು ಹೆಚ್ಚಾಯಿತು, ಅಲ್ಲ, ನಮ್ಮ ಗೋಡೆಯ ಸುಣ್ಣ ಉದುರಿತ್ತು, ಅಥವಾ ಚಹಾದಲ್ಲಿ ನಾನು ಸಕ್ಕರೆ ಮರೆತಿದ್ದೆನೇನೋ. ಮುಂದೆ ಶೋಭಾಳಿಗೆ ನಿಮ್ಮ ಅಪ್ಪನೇ ಸಿಕ್ಕ, ಒಳ್ಳೆಯದೇ ಆಯಿತು. ಆದರೂ ರೊಟ್ಟಿ ತಟ್ಟುವಾಗ, ಬಸ್ಸಿನ ದಾರಿ ಕಾಯುವಾಗ, ಹಳೆಯ ಕಾರಣವೊಂದು ಎದ್ದು ಬಂದು ಎದುರು ಕೂರುತ್ತಿತ್ತು.

ಈಗ ನಿಮ್ಮ ಅವ್ವನ ಸಂಗತಿಗೆ ಬರುತ್ತೇನೆ. ಅವಳು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ ಎಂಬುದು ನಿಮಗೆ ಗೊತ್ತು. ಆದರೆ ಅವಳ ಮಂಚದ ಕೆಳಗಿನ ಚೀಟಿ ಅಂಟಿಸಿದ ಬಾಟಲಿಗಳು ಯಾಕೆಂದು ಗೊತ್ತಿಲ್ಲ. ನಮ್ಮ ಕೊಹಿನೂರಿನಲ್ಲಿ ಒಂದು ಬಾವಿಯ ನೀರಿಗೆ ತೊಗರಿಬೇಳೆ ಹಾಕಿದರೆ ಮಧ್ಯಾಹ್ನದವರೆಗೂ ಬೇಯುತ್ತಿರಲಿಲ್ಲ. ಇನ್ನೊಂದು ಬಾವಿಯ ನೀರಿಗೆ ಬೆಣ್ಣೆಯಂತೆ ಕರಗುತ್ತಿತ್ತು. ಚಿಕ್ಕವಳಿದ್ದಾಗ ರಜೆಗೆಂದು ನನ್ನ ತವರಿಗೆ ಬಂದ ಶೋಭಾ, ಬೇಳೆಗೊಂದು ಕೊಡ ಕುಡಿಯಲೊಂದು ಕೊಡ ಎಂದು ಬೇರೆ ಬೇರೆ ತರುವುದನ್ನು ನೋಡಿ ಬೆನ್ನು ಹತ್ತಿದಳು, "ಯಾಕ ಅವ್ವಾ, ಯಾಕ?" ಎಂದು. ನನಗೇನು ಗೊತ್ತು? ಹಿಂದಿನಿಂದ ಹಾಗೇ ತರುತ್ತಿದ್ದರು, ನಾನೂ ತಂದೆ. ಆ 'ಯಾಕ' ಅವಳ ಜೊತೆಯೇ ಬೆಳೆಯಿತು. ನಮ್ಮ ಸೀಮೆಯಲ್ಲಿ ಕೆಂಪು ಕಲ್ಲಿನ ನೆಲವೂ ಕರಿ ಮಣ್ಣಿನ ನೆಲವೂ ಒಂದರ ಮಗ್ಗುಲಿಗೊಂದು ಮಲಗಿವೆ. ಯಾವ ನೆಲದ ನೀರಿನಲ್ಲಿ ಏನು ಕರಗಿದೆ, ಅದು ಕುಡಿದವರ ಎಲುಬು ಹಲ್ಲುಗಳಿಗೆ ಏನು ಮಾಡುತ್ತದೆ, ಎಲ್ಲವನ್ನೂ ಊರೂರು ತಿರುಗಿ ಪರೀಕ್ಷಿಸಬೇಕೆಂಬುದು ಅವಳ ಆಸೆ.

ಆಸೆಗೆ ಅನುದಾನ ಬೇಕು. ಅದು ಮನೆ ಬಾಗಿಲಿಗೆ ಬರುವುದಿಲ್ಲ, ಹುಡುಕಿಕೊಂಡು ಹೋಗಬೇಕು. ಬೆಳಿಗ್ಗೆ ಹಾಲು ಉಕ್ಕುವ ಮುಂಚೆ ಅವಳು ಫೋನಿನಲ್ಲಿ ಹುಡುಕುತ್ತಿದ್ದುದು ಅದನ್ನೇ. ದಿಲ್ಲಿಯ ಇಲಾಖೆಗಳು, ಬೆಂಗಳೂರಿನ ಮಂಡಳಿಗಳು, ಯಾವುದೋ ಕಂಪನಿಯ ಧರ್ಮದ ಟ್ರಸ್ಟು. ಒಬ್ಬರ ಪ್ರಕಟಣೆ ಹೊರಡುವುದು ಒಂದು ಕಾಲಕ್ಕೆ, ಇನ್ನೊಬ್ಬರದು ಮತ್ತೊಂದು ಕಾಲಕ್ಕೆ, ಕೆಲವರದು ಕಾಲವಿಲ್ಲದ ಕಾಲಕ್ಕೆ. ವಿಶ್ವವಿದ್ಯಾಲಯದ ಸುತ್ತೋಲೆ ಟೇಬಲ್ಲಿನಿಂದ ಟೇಬಲ್ಲಿಗೆ ನಿಧಾನ ನಡೆದು ಇವಳ ಕೈ ಸೇರುವಷ್ಟರಲ್ಲಿ ಕೊನೆಯ ದಿನಾಂಕ ಬಾಗಿಲು ಹಾಕಿಕೊಂಡಿರುತ್ತಿತ್ತು. ಸಮಯಕ್ಕೆ ಸಿಕ್ಕರೂ ಒಳಗೆ ಕರಾರುಗಳ ಸಾಲು. ವಯಸ್ಸು ಇಷ್ಟು ಮೀರಿರಬಾರದು. ಹಿಂದೆ ಇಂಥ ಕೆಲಸ ಮಾಡಿರಬೇಕು. ಸಂಸ್ಥೆಯ ದರ್ಜೆ ಇಷ್ಟಿರಬೇಕು. ಯಂತ್ರ ಇರಬೇಕು. ಮೇಲಿನವರ ಸಹಿ ಇರಬೇಕು. ಮೊದಲ ಅನುದಾನ ಕೇಳಲು ಹೋದರೆ ಹಿಂದಿನ ಅನುದಾನದ ವಿವರ ಕೊಡಿ ಎನ್ನುತ್ತಿದ್ದರು. ಮೊದಲ ಸಲ ಹಸೆಮಣೆ ಏರುವವಳಿಗೆ ಹಿಂದಿನ ಮದುವೆಯ ಫೋಟೊ ಕೇಳಿದ ಹಾಗೆ.

ನನಗೆ ಇದೆಲ್ಲ ಅರ್ಥವಾದದ್ದೇ ಹೀಗೆ, ಸಂಬಂಧ ಹುಡುಕುವ ಭಾಷೆಯಲ್ಲಿ. ನಿಮ್ಮ ಅಪ್ಪನೂ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ ಕೇಳುತ್ತಿದ್ದ, "ಏನ್ ಮೇಡಂ, ಇವತ್ತ ಎಲ್ಲಿ ವರ?"

"ಹೈದರಾಬಾದಿಂದ. ಆದ್ರ ನನ್ನ ವಯಸ್ಸು ಜಾಸ್ತಿ ಆತಂತ."

"ನನಗ ಆವಾಗೇ ಗೊತ್ತಿತ್ತು, ಸುಮ್ಮನಿದ್ದೆ."

ಶೋಭಾ ಸೌಟು ಎತ್ತಿದರೆ ಅವನು ಆಗಲೇ ಗೇಟಿನಾಚೆ. ಅವರಿಬ್ಬರೂ ನಗುತ್ತಿದ್ದರು. ನಾನು ಸೌಟು ಇಸಿದುಕೊಂಡು ಒಲೆಯ ಕಡೆ ತಿರುಗುತ್ತಿದ್ದೆ. ಒಂದು ದಿನ ಅವಳು ಬಾಟಲಿಗಳ ಧೂಳು ಒರೆಸುತ್ತ, "ಈ ಸಲ ಆಗಲಿಲ್ಲಂದ್ರ ಇವೆಲ್ಲಾ ಹಳೀ ಸಾಮಾನು ತಗೊಳ್ಳೂ ಭಂಗಾರದವನಿಗಿ ಕೊಟ್ಟುಬಿಡ್ತೀನಿ ಅವ್ವಾ. ಸಾಕಾಗ್ಯಾದ" ಎಂದಳು. ತಮಾಷೆಯ ದನಿ ಅದಾಗಿರಲಿಲ್ಲ.

ಆ ಸಲ ಒಂದು ಸಂಸ್ಥೆ ಅವಳ ಅರ್ಜಿಯನ್ನು ಮೊದಲ ಜರಡಿಯಲ್ಲಿ ಉಳಿಸಿಕೊಂಡಿತು. ಐದು ಜನ ತಜ್ಞರು ಕಂಪ್ಯೂಟರಿನ ಪರದೆಯಲ್ಲಿ ಕೂತು ಅವಳ ಮಾತು ಕೇಳುತ್ತಾರೆಂದು ದಿನ ಗೊತ್ತಾಯಿತು. ಅಂದು ನೀವು ಶಾಲೆಯಲ್ಲಿದ್ದಿರಿ. ಅವಳು ಮದುವೆಮನೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟು ಮುಂದಿನ ಕೋಣೆಯಲ್ಲಿ ಕೂತಳು. ಒಳಗೆ ನನ್ನ ಕೈ ಸುಮ್ಮನಿರಲಿಲ್ಲ. ಪರದೆಯ ಮೇಲಿನವರು ನಮ್ಮ ಮನೆಗೆ ಬರುವುದಿಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಆದರೂ ಪೆಟ್ಟಿಗೆ ಇಳಿಸಿದ್ದೆ, ಹುಲ್ಲು ಝಾಡಿಸಿ ಕಪ್ಪು ತೊಳೆದಿದ್ದೆ, ಶುಂಠಿ ಜಜ್ಜಿ ಚಹಾ ಸೋಸಿದ್ದೆ. ಮಗಳನ್ನು ಯಾರೋ ಕೂರಿಸಿ ಪ್ರಶ್ನೆ ಕೇಳುತ್ತಿದ್ದಾರೆಂದರೆ ಕೈಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಮಾತು ಮುಗಿಸಿ ಬೆವರು ಒರೆಸುತ್ತ ಒಳಗೆ ಬಂದ ಶೋಭಾ, ತಟ್ಟೆಯಲ್ಲಿ ಸಾಲಾಗಿ ಹಬೆಯಾಡುತ್ತಿದ್ದ ಕಪ್ಪುಗಳನ್ನು ನೋಡಿ ನಿಂತುಬಿಟ್ಟಳು.

"ಯಾರಿಗವ್ವಾ ಇಷ್ಟು ಚಹಾ?"

ನಾನು ಸೆರಗಿನಿಂದ ಒಂದು ಬಸಿಯ ಅಂಚು ಒರೆಸಿದೆ. ಅವಳು ನಕ್ಕಳು, ನಗುತ್ತ ನಗುತ್ತ ಅಲ್ಲೇ ನೆಲಕ್ಕೆ ಕೂತು ಕಣ್ಣು ಒರೆಸಿಕೊಂಡಳು. ಆ ಚಹಾವನ್ನು ಮತ್ತೆ ಪಾತ್ರೆಗೆ ಸುರಿದು ಸ್ಟೀಲಿನ ಲೋಟದಲ್ಲಿ ಕುಡಿದೆವು. ಕಪ್ಪು ತೊಳೆದು ಪೆಟ್ಟಿಗೆಗಿಟ್ಟೆ.

ಆಮೇಲೆ ಆ ಸಂಸ್ಥೆಯವರ ಮೌನ. ಹಬ್ಬಗಳು ಬಂದು ಹೋದವು. ಅವಳು ಫೋನು ನೋಡುವುದು, ಕೆಳಗಿಡುವುದು, ಮತ್ತೆ ನೋಡುವುದು. ನಾನು ಅವಳ ಮುಖ ನೋಡುವುದು. "ಒಂದು ಮೇಲ್ ಬರದು ಕೇಳ್ಲೇನು ಅವ್ವಾ?" ಎಂದು ಅವಳು ಒಮ್ಮೆ ಅಂದಾಗ ನನ್ನ ಬಾಯಿಂದ ಅದೇ ಹಳೆಯ ಮಾತು ಬಂತು, "ಬ್ಯಾಡವಾ. ದೊಡ್ಡವರಿಗಿ ಹಂಗ ಕೇಳಿದ್ರ ಚಲೋ ಕಾಣ್ಸೂದಿಲ್ಲ." ಅಷ್ಟು ಓದಿದವಳು, ಅವಳೂ ಸುಮ್ಮನಾದಳು. ನನ್ನ ಸಂಕೋಚ ಅವಳ ರಕ್ತದಲ್ಲೂ ಇಳಿದಿದೆ ಎಂದು ಆಗ ಅನ್ನಿಸಿ ಸಂಕಟವಾಯಿತು. ನೀರಿನಲ್ಲಿ ಕರಗಿದ ಸುಣ್ಣ ಕಾಣುವುದಿಲ್ಲ, ಬೇಳೆ ಬೇಯದಿದ್ದಾಗಲೇ ಗೊತ್ತಾಗುವುದು.

ಹೀಗಿರುವಾಗ ಬಸವಕಲ್ಯಾಣದ ಮನೆಯ ಹಂಚು ಸೋರುತ್ತಿದೆ ಎಂದು ಬಾಡಿಗೆಯವರು ಹೇಳಿಕಳಿಸಿದ್ದರಿಂದ ಬಸ್ಸು ಹತ್ತಿದೆ. ಹುಮನಾಬಾದಿನ ನಿಲ್ದಾಣದಲ್ಲೇ ಒಬ್ಬ ಹೆಣ್ಣುಮಗಳು ಹತ್ತಿ ಪಕ್ಕದಲ್ಲಿ ಕೂತು, ನನ್ನನ್ನು ಎರಡು ಸಲ ನೋಡಿ, "ನೀವು ಶೋಭಾನ ಅವ್ವ ಅಲ್ಲೇನ್ರೀ?" ಎಂದಳು. ಕೂದಲು ಬೆಳ್ಳಗಾಗಿತ್ತು, ಆದರೂ ಗುರುತು ಹತ್ತಿತು. ಚಿಟಗುಪ್ಪದವಳು, ನನಗೆ ಬೀಗಿತ್ತಿ ಆಗಬೇಕಿದ್ದವಳು. ಅವಳ ಮಗನಿಗೆ ಮಕ್ಕಳಾದದ್ದು, ಅವರ ಊರಿನ ಸಂತೆ, ಮೊಣಕಾಲು ನೋವು, ಹೀಗೆ ಮಾತು ನಡೆಯುತ್ತಿತ್ತು. ನಾನು ಹೂಂಗುಟ್ಟುತ್ತಿದ್ದೆ. ಕಿಟಕಿಯಾಚೆ ತೊಗರಿ ಹೊಲಗಳು ಹಿಂದೆ ಓಡುತ್ತಿದ್ದವು, ಇನ್ನು ಸ್ವಲ್ಪ ಹೊತ್ತಿಗೆ ಊರು ಬರುತ್ತದೆ, ಇವಳು ಇಳಿದು ಹೋಗುತ್ತಾಳೆ, ಮತ್ತೆ ಸಿಗುವುದಿಲ್ಲ. ಎಲ್ಲಿಂದ ಬಂತೋ ಬಲ, ಕೇಳಿಬಿಟ್ಟೆ.

"ಆವಾಗ ನಮ್ಮ ಹುಡುಗಿಗಿ ಯಾಕ ಒಲ್ಲೆ ಅಂದ್ರಿ?"

ಅವಳು ಬಾಯಲ್ಲಿದ್ದ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಯವ್ವಾ! ಯಾರು ಒಲ್ಲೆ ಅಂದ್ರು? ಪರೀಕ್ಷಾ ಮುಗಿದ ಮ್ಯಾಲ ಮಾತಾಡೂಣು ಅಂತ ನಿಮ್ಮ ಮನಿಯವರೇ ಅಂದ್ರಲ್ಲ. ನಾವು ದಾರಿ ನೋಡಿದ್ವಿ. ನೀವೇ ಜವಾಬ ಕಳಸಲಿಲ್ಲ. ಇಷ್ಟು ಓದಿದ ಹುಡುಗಿಗಿ ನಮ್ಮ ಹುಡುಗ ಸಾಲಲಿಲ್ಲೇನೋ ಅಂತ ನಮ್ಮ ಯಜಮಾನ್ರು ಭಾಳ ದಿನ ಮಾರಿ ಸಣ್ಣ ಮಾಡ್ಕೊಂಡು ತಿರಗ್ಯಾಡಿದ್ರು."

"ನೀವಾದ್ರೂ ಒಂದು ಮಾತು ಕೇಳಬೇಕಿತ್ತು."

"ಹ್ಯಾಂಗ ಕೇಳೂದು? ಅಂಥಾ ಚಂದ ಕಪ್ಪುಬಸಿದಾಗ ಚಹಾ ಕೊಟ್ಟ ಮನಿ. ದೊಡ್ಡ ಮಂದಿ ಅಂತ ನಾವೇ ಅಂಜಿದ್ವಿ."

ಇಬ್ಬರೂ ಎಷ್ಟು ನಕ್ಕೆವೆಂದರೆ ಕಂಡಕ್ಟರ್ ತಿರುಗಿ ನೋಡಿದ. ಅವಳು ಇಳಿದು ಹೋದ ಮೇಲೆ ಮಾತ್ರ ನನಗೆ ನಗು ಬರಲಿಲ್ಲ. ಆ ಸಂಬಂಧ ಕೂಡಬೇಕಿತ್ತೆಂದಲ್ಲ. ಕೂಡಿದ್ದರೆ ನೀವಿಬ್ಬರೂ ಇರುತ್ತಿರಲಿಲ್ಲ, ಆ ಯೋಚನೆಯನ್ನೇ ನಾನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಬಣ್ಣ, ಸುಣ್ಣ, ಸಕ್ಕರೆ ಎಂದು ನಾನು ಹೊತ್ತು ತಿರುಗಿದ ಕಾರಣಗಳಲ್ಲಿ ಒಂದೂ ಅವರದಾಗಿರಲಿಲ್ಲ, ಎಲ್ಲ ನನ್ನವೇ. ಅಲ್ಲೊಂದು ಮನೆಯಲ್ಲಿ ಅವರೂ ತಮ್ಮ ಕಾರಣಗಳನ್ನು ಹೊತ್ತು ತಿರುಗಿದ್ದರು. ಸೋರುವ ಹಂಚನ್ನು ಸರಿಯಾಗಿ ನೋಡದೆಯೇ ಸಂಜೆಯ ಬಸ್ಸಿಗೆ ತಿರುಗಿ ಬಂದೆ. ಚಪ್ಪಲಿ ಬಿಡುವ ಮೊದಲೇ ಹೇಳಿದೆ, "ಶೋಭಾ, ಕೇಳು. ಇವತ್ತೇ ಬರದು ಕೇಳು."

ಅವಳು ಕೇಳಿದಳು. ಜವಾಬು ಬಂತು, ಅದೂ ವಾರದೊಳಗೆ. ಸಿಹಿ ಸುದ್ದಿ ಎಂದುಕೊಳ್ಳಬೇಡಿ, ಇಲ್ಲ ಎಂದೇ ಬಂತು. ಚಿಟಗುಪ್ಪದ ಮೌನದೊಳಗೆ 'ಬೇಡ' ಇರಲಿಲ್ಲ, ಈ ಮೌನದೊಳಗೆ ಇತ್ತು. ಆದರೆ ಜೊತೆಗೆ ಕಾರಣವೂ ಇತ್ತು. ಶೋಭಾ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು. ಇಷ್ಟು ಊರುಗಳ ಬಾವಿಗಳನ್ನು ಒಬ್ಬರೇ ಕೊಟ್ಟ ಅವಧಿಯಲ್ಲಿ ಮುಗಿಸಲಾರಿರಿ, ನೀರಿನ ಸೂಕ್ಷ್ಮ ಪರೀಕ್ಷೆಗೆ ಬೇಕಾದ ಯಂತ್ರ ನಿಮ್ಮಲ್ಲಿಲ್ಲ, ಅದಿರುವ ಪ್ರಯೋಗಾಲಯದವರನ್ನು ಜೊತೆ ಮಾಡಿಕೊಳ್ಳಿ, ಪ್ರಶ್ನೆ ಮಾತ್ರ ಒಳ್ಳೆಯದು. ಅಷ್ಟೇ. ಅವಳ ವಯಸ್ಸಿನ ಮಾತಿಲ್ಲ, ಊರಿನ ಮಾತಿಲ್ಲ, ಉಚ್ಚಾರದ ಮಾತಿಲ್ಲ.

"ಅವ್ವಾ, ಇವರು ನನಗ ಒಲ್ಲೆ ಅಂದಿಲ್ಲ. ನನ್ನ ಯೋಜನಾಕ್ಕ ಒಲ್ಲೆ ಅಂದಾರ" ಎಂದಳು, ಬಾಟಲಿಗಳನ್ನು ಮಂಚದ ಕೆಳಗಿಂದ ಎಳೆಯುತ್ತ. ಭಂಗಾರದವನಿಗಾಗಿ ಅಲ್ಲ, ಹೊಸ ಚೀಟಿ ಅಂಟಿಸಲು. ಊರುಗಳನ್ನು ಕಡಿಮೆ ಮಾಡಿದಳು. ಕೊಹಿನೂರು ಉಳಿಯಿತು, ನಾರಾಯಣಪುರ ಉಳಿಯಿತು. ಯಂತ್ರವಿರುವವರೊಬ್ಬರಿಗೆ ಫೋನು ಮಾಡಿ, ನೀವು ಜೊತೆಯಾಗುತ್ತೀರಾ ಎಂದು ಅದನ್ನೂ ಕೇಳಿಯೇಬಿಟ್ಟಳು. ಅವರು ಹೂಂ ಎಂದರು. ಇನ್ನೊಂದು ಸಂಸ್ಥೆಯ ಪ್ರಕಟಣೆ ಹೊರಟದ್ದೇ ತಡ, ಅರ್ಜಿ ಹೋಯಿತು.

ಅದರ ಜವಾಬು ಇನ್ನೂ ಬಂದಿಲ್ಲ. ಇದನ್ನು ಬರೆಯುವಾಗಲೂ ನನ್ನ ಕಿವಿ ಅವಳ ಫೋನಿನ ಕಡೆಗಿದೆ. ಈ ಚಡಪಡಿಕೆ ನನ್ನ ಸ್ವಭಾವ, ಹೋಗುವುದಿಲ್ಲ. ಆದರೆ ತಿಂಗಳು ಕಳೆದರೂ ಅವರು ಸುಮ್ಮನಿದ್ದರೆ ನಾವು ಸುಮ್ಮನಿರುವುದಿಲ್ಲ.

ಆ ಆರು ಕಪ್ಪುಬಸಿಗಳು ಈಗ ಕೆಳಗಿನ ಹಲಗೆಗೆ ಇಳಿದಿವೆ. ಐದು ಎನ್ನಬೇಕು, ಒಂದರ ಕಿವಿಯನ್ನು, ಮಿಲಿಂದ, ನೀನು ಮುರಿದಿದ್ದೀಯ, ಅದರಲ್ಲಿ ಶೋಭಾ ಪೆನ್ನು ಇಡುತ್ತಾಳೆ. ಮುಂಜಾನೆ ನಾನು, ಅವಳು, ನಿಮ್ಮ ಅಪ್ಪ ನೀಲಿ ಹೂವಿನ ಕಪ್ಪಿನಲ್ಲೇ ಚಹಾ ಕುಡಿಯುತ್ತೇವೆ. ಮಹಬೂಬಿ ಆಪಾ ಬಸವಕಲ್ಯಾಣದಿಂದ ಬಂದಾಗ ಬಸಿಗೆ ಸುರಿದು ಸುರ್‌ರೆಂದು ಹೀರಿ, "ಇಷ್ಟು ವರ್ಷ ಯಾರಿಗಂತ ಮುಚ್ಚಿಟ್ಟಿದ್ದಿ ಭಾಬಿ?" ಎಂದು ಬೈದಳು.

ಹೀಗಾಗಿ ಪೆಟ್ಟಿಗೆ ಖಾಲಿ ಬಿದ್ದಿತ್ತು. ಹುಲ್ಲು ಇನ್ನೂ ಅದರಲ್ಲೇ ಇದೆ, ಅದರ ಮೇಲೆ ಈ ಹಾಳೆಗಳನ್ನು ಇಡುತ್ತಿದ್ದೇನೆ. ಮುಟ್ಟಬೇಡಿ ಎಂದು ಈ ಸಲ ಹೇಳುವುದಿಲ್ಲ. ತೆಗೆದು ಓದಿ, ಓದಿ ಮತ್ತೆ ಹುಲ್ಲಿನ ಮೇಲೆಯೇ ಇಡಿ, ಮನೆ ಬದಲಿಸುವ ದಿನ ಬಂದರೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ. ಏನಾದರೂ ತಿಳಿಯದಿದ್ದರೆ ನಾನು ಇರುವವರೆಗೆ ಬಂದು ಕೇಳಿ.